ರಕ್ತವು ನುಡಿಯುವ ಮುನ್ಸೂಚನೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆಯ ಕಾಡಿಗೆ ಬಾಗಿಲಿನಂತಿರುವ ಊರು. ದಸರೆಯ ಆನೆಗಳು ಮೈಸೂರಿಗೆ ಗಜಪಯಣ ಹೊರಡುವ ವಾಡಿಕೆ ಇಲ್ಲಿಂದಲೇ. ಈ ಕಾಡಿನಲ್ಲಿ ಹುಲಿಯನ್ನು ಕಣ್ಣಾರೆ ಕಾಣುವುದು ಅಪರೂಪ. ಆದರೂ ಅದು ಹತ್ತಿರದಲ್ಲೆಲ್ಲೋ ಸುಳಿಯುತ್ತಿದೆಯೆಂಬುದನ್ನು ಕಾಡನ್ನು ಬಲ್ಲವರು ಹೇಳಬಲ್ಲರು. ಮರದ ಮೇಲಿನ ಮುಸುವ ಕೂಗಿಕೊಳ್ಳುತ್ತದೆ. ಚುಕ್ಕೆಜಿಂಕೆ ಎಚ್ಚರಿಕೆಯ ದನಿಗೈಯುತ್ತದೆ. ಶತ್ರುವು ಮರೆಯಲ್ಲಿದ್ದರೂ ಅದನ್ನು ಕಂಡವರ ಕೂಗು ಕಿವಿಗೆ ಬೀಳುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಶರೀರವನ್ನು ಹೊಕ್ಕ ರೋಗಾಣುಗಳನ್ನು ಪತ್ತೆಹಚ್ಚಲು ವಿಜ್ಞಾನಿಗಳು ಇಂಥದೇ ಒಂದು ಮಾರ್ಗವನ್ನು ಹಿಡಿದಿದ್ದಾರೆ.

ಹೊಟ್ಟೆಯನ್ನೋ ಎದೆಯನ್ನೋ ತೆರೆದು ಶಸ್ತ್ರಚಿಕಿತ್ಸೆ ಮಾಡಿದ ಅನಂತರ ಕೆಲವರಿಗೆ ಗಾಯದಲ್ಲಿ, ಶ್ವಾಸಕೋಶದಲ್ಲಿ ಇಲ್ಲವೆ ಮೂತ್ರದ ಮಾರ್ಗದಲ್ಲಿ ಸೋಂಕು ತಗಲುವುದುಂಟು. ಈ ಸೋಂಕಿಗೆ ಶರೀರವು ತೋರುವ ಪ್ರತಿಕ್ರಿಯೆಯು ಹತೋಟಿ ಮೀರಿ, ಮೂತ್ರಪಿಂಡ, ಶ್ವಾಸಕೋಶ ಮೊದಲಾದ ಅಂಗಗಳೇ ಕೆಡತೊಡಗಿದರೆ ಆ ಸ್ಥಿತಿಗೆ ಸೆಪ್ಸಿಸ್ ಎಂದು ಹೆಸರು. 2017ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರು ಇದಕ್ಕೆ ತುತ್ತಾದರೆಂದೂ, ಇದಕ್ಕೆ ಸಂಬಂಧಿಸಿದ ಸಾವುಗಳು 1 ಕೋಟಿ 10 ಲಕ್ಷವೆಂದೂ 2020ರಲ್ಲಿ ಪ್ರಕಟವಾದ ಒಂದು ಅಂದಾಜು ತಿಳಿಸುತ್ತದೆ. ಬೇಗ ಗುರುತಿಸಿದಷ್ಟೂ ರೋಗಿಯು ಉಳಿಯುವ ಭರವಸೆ ಹೆಚ್ಚು.

ಹಾಗಾದರೆ ಗುರುತಿಸುವುದಕ್ಕೆ ಇರುವ ಅಡ್ಡಿಯೇನು? ಜ್ವರ, ನಾಡಿಯ ವೇಗ, ಬಿಳಿಯ ರಕ್ತಕಣಗಳ ಹೆಚ್ಚಳ, ಇವು ಸೋಂಕಿನ ಕುರುಹುಗಳೆಂದು ನಾವು ಓದಿದ್ದೇವೆ. ಆದರೆ ಶಸ್ತ್ರಚಿಕಿತ್ಸೆಯೂ ಶರೀರದ ಪಾಲಿಗೆ ಒಂದು ದೊಡ್ಡ ಗಾಯವೇ. ಒಂದು ರೋಗಾಣುವೂ ಒಳಹೊಗದಿದ್ದರೂ ಈ ಕುರುಹುಗಳೆಲ್ಲ ಕಾಣಿಸಿಕೊಳ್ಳಬಹುದು. ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನು ಶಸ್ತ್ರಚಿಕಿತ್ಸೆಯ ಎರಡು ಮೂರನೆಯ ದಿನ ತಾನಾಗಿಯೇ ಏರುತ್ತದೆ. ರಕ್ತದಲ್ಲಿರುವ ರೋಗಾಣುಗಳನ್ನು ಬೆಳೆಸಿ ನೋಡುವ ‘ಕಲ್ಚರ್’ ಪರೀಕ್ಷೆಗೆ ಒಂದೆರಡು ದಿನಗಳಾದರೂ ಬೇಕು. ಸೋಂಕಿದ್ದರೂ ಅನೇಕ ವೇಳೆ ಅದರಲ್ಲಿ ಏನೂ ಬೆಳೆಯುವುದಿಲ್ಲ. ಹೀಗಾಗಿ ವೈದ್ಯನು ಇಕ್ಕಟ್ಟಿಗೆ ಸಿಲುಕುತ್ತಾನೆ. ಆಂಟಿಬಯಾಟಿಕ್ ಔಷಧವನ್ನು ಅನಾವಶ್ಯಕವಾಗಿ ಕೊಟ್ಟರೆ ಅದಕ್ಕೆ ಜಗ್ಗದ ರೋಗಾಣುಗಳು ಹೆಚ್ಚುತ್ತವೆ. ಕೊಡದೆ ಕಾದರೆ ರೋಗಿಯ ಪ್ರಾಣಕ್ಕೆ ಸಂಚಕಾರ.

ಇಲ್ಲಿ ನೆರವಿಗೆ ಬರುವುದು ಬಿಳಿಯ ರಕ್ತಕಣಗಳ ಜೀನುಗಳು. ಪ್ರೋಟೀನು ತಯಾರಿಕೆಯ ಆದೇಶವನ್ನು ಹೊತ್ತ ಸುಮಾರು 20,000 ಜೀನುಗಳು ಮನುಷ್ಯನಲ್ಲಿವೆ. ಆದರೆ ಅವೆಲ್ಲವೂ ಎಲ್ಲ ಕಾಲದಲ್ಲಿಯೂ ಕೆಲಸ ಮಾಡುವುದಿಲ್ಲ. ಕೆಲಸಕ್ಕೆ ತೊಡಗಿದ ಜೀನು ತನ್ನ ಆದೇಶವನ್ನು ಆರ್‌ಎನ್‌ಎ ಎಂಬ ಪ್ರತಿಯಾಗಿ ಹೊರಗೆ ಕಳುಹಿಸುತ್ತದೆ. ಇಂಥ ದೂತ ಆರ್‌ಎನ್‌ಎಯ ಇರವನ್ನು 1961ರಲ್ಲಿ ತೋರಿಸಲಾಯಿತು. ರೋಗಾಣುವಿನ ಸುಳಿವು ಸಿಕ್ಕಿದ ಕೆಲವೇ ಗಂಟೆಗಳಲ್ಲಿ ಬಿಳಿಯ ಕಣಗಳು ಕೆಲವು ಜೀನುಗಳನ್ನು ಚುರುಕುಗೊಳಿಸಿ, ಮತ್ತೆ ಕೆಲವನ್ನು ಅಡಗಿಸುತ್ತವೆ. ಆರ್‌ಎನ್‌ಎ ಬಹು ಬೇಗ ಕೆಡುವ ವಸ್ತುವಾದುದರಿಂದ ರಕ್ತವನ್ನು ಸಂರಕ್ಷಕ ದ್ರವವಿರುವ ನಳಿಕೆಗೆ ತೆಗೆದುಕೊಳ್ಳುತ್ತಾರೆ. ಬಳಿಕ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲುಮಾಡಿ, ಆ ನಕಲನ್ನು ಲಕ್ಷಾಂತರ ಪಟ್ಟು ವೃದ್ಧಿಗೊಳಿಸಿ ಅಳೆಯುತ್ತಾರೆ. ಒಂದೇ ಜೀನಿನ ಮಾತನ್ನು ನಂಬುವಂತಿಲ್ಲ, ಏಕೆಂದರೆ ಬರಿಯ ಗಾಯವೂ ಅದನ್ನು ಕೆರಳಿಸಬಹುದು. ಆದುದರಿಂದ ಹಲವು ಜೀನುಗಳ ಏರಿಳಿತವನ್ನು ಒಟ್ಟಾಗಿ ನೋಡುತ್ತಾರೆ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ದಾರಿಯಲ್ಲಿ ಗಮನಾರ್ಹವಾದುದು. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಒಳಗಾದ 4,385 ರೋಗಿಗಳಿಂದ ಸಂಶೋಧಕರು ದಿನದಿನವೂ ರಕ್ತವನ್ನು ಸಂಗ್ರಹಿಸಿದರು. ಅವರಲ್ಲಿ 154 ಮಂದಿಗೆ ಸೋಂಕು ಖಚಿತವಾಯಿತು. ಆ ಪೈಕಿ 98 ಮಂದಿಗೆ ಸೆಪ್ಸಿಸ್ ಆಯಿತು. ರೋಗಲಕ್ಷಣಗಳು ಕಾಣಿಸುವುದಕ್ಕೆ ಹಿಂದಿನ ಮೂರು ದಿನಗಳ ರಕ್ತವನ್ನು ಪರೀಕ್ಷಿಸಿದಾಗ ಜೀನುಗಳ ನಡತೆಯು ಆಗಲೇ ಬದಲಾಗಿತ್ತು! ಸೋಂಕು ತಗಲಲಿದ್ದವನೊಬ್ಬನನ್ನೂ ಸುಖವಾಗಿ ಚೇತರಿಸಿಕೊಂಡವನೊಬ್ಬನನ್ನೂ ಜೊತೆಯಾಗಿ ಆರಿಸಿದರೆ, ಅಂಥ ನೂರು ಜೊತೆಗಳಲ್ಲಿ ಸುಮಾರು 87ರಲ್ಲಿ ಪರೀಕ್ಷೆಯು ಸರಿಯಾದವನನ್ನೇ ಬೆರಳಿಟ್ಟು ತೋರಿಸಬಲ್ಲದು. ಸಾಮಾನ್ಯ ಸೋಂಕನ್ನು ಸೆಪ್ಸಿಸ್‌ನಿಂದ ಬೇರ್ಪಡಿಸುವಲ್ಲಿ ಮಾತ್ರ ಈ ಸಂಖ್ಯೆ ಸುಮಾರು 70ಕ್ಕೆ ಇಳಿಯಿತು. ನಾಣ್ಯವನ್ನು ಚಿಮ್ಮಿ ಹೇಳಿದರೂ 50 ಸರಿಯಾಗುತ್ತದೆಂಬುದನ್ನು ನೆನೆದರೆ ಪರೀಕ್ಷೆಯ ಬಲವೂ ಮಿತಿಯೂ ತಿಳಿದೀತು.

ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಮತ್ತು ಸಂಗಡಿಗರು, ಬ್ಯಾಕ್ಟೀರಿಯಾದ ಸೋಂಕನ್ನೂ ವೈರಸ್ಸಿನ ಸೋಂಕನ್ನೂ ಬೇರ್ಪಡಿಸಬಲ್ಲ 10 ಜೀನುಗಳ ಗುಂಪೊಂದನ್ನು 2021ರಲ್ಲಿ ಪ್ರಕಟಿಸಿದರು. ವೈರಸ್ಸಿಗೆ ಆಂಟಿಬಯಾಟಿಕ್ ನಾಟದಾದುದರಿಂದ ಈ ವಿವೇಚನೆ ಬಹಳ ಬೆಲೆಯುಳ್ಳದ್ದು.

ಇಂಥ ಪರೀಕ್ಷೆಗಳಿಗೆ ಯಂತ್ರ ಬೇಕು, ಹಣ ಬೇಕು, ನುರಿತ ಕೈಗಳು ಬೇಕು. ವೀರನಹೊಸಹಳ್ಳಿಯಂಥ ಊರಿನಿಂದ ಮೈಸೂರಿಗೆ ಹೋಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೆಲವೇ ದಿನಗಳಲ್ಲಿ ಕಾಡಂಚಿನ ಮನೆಗೆ ಹಿಂದಿರುಗುವ ರೋಗಿಗೆ ಇವುಗಳಿಂದ ಹೆಚ್ಚಿನ ಪ್ರಯೋಜನವುಂಟು. ‘ಇವನನ್ನು ಇನ್ನೆರಡು ದಿನ ಇಲ್ಲಿಯೇ ಇರಿಸಿಕೊಳ್ಳಿ’ ಎಂದು ರಕ್ತವೇ ಮುಂಚಿತವಾಗಿ ಹೇಳುವಂತಾದರೆ ಎಷ್ಟೋ ಜೀವಗಳು ಉಳಿದಾವು. ಆ ಕಾಲ ಬರುವವರೆಗೂ ಹಳೆಯ ಎಚ್ಚರವನ್ನು ಬಿಡಲಾಗದು. ಶಸ್ತ್ರಚಿಕಿತ್ಸೆಯಾದವರಿಗೆ ಚಳಿಜ್ವರ, ಏದುಸಿರು, ಬುದ್ಧಿಯ ಮಂಕು, ಮೂತ್ರದ ಇಳಿಕೆ, ಗಾಯದಲ್ಲಿ ಕೀವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೂಗು ಕೇಳಿದ ಮೇಲೆ ಹುಲಿಯನ್ನು ಕಣ್ಣಾರೆ ಕಾಣುವವರೆಗೆ ನಿಲ್ಲುವುದು ಜಾಣತನವಲ್ಲ.