ಕೆಎ-65: ನಂಬರ್ ಪ್ಲೇಟಿನ ಲೆಕ್ಕ ಮತ್ತು ಬೆಳಕು

ಕೆಲವು ವರ್ಷಗಳ ಹಿಂದೆ ಪರೀಕ್ಷಾ ಕೆಲಸಕ್ಕೆಂದು ದಾಂಡೇಲಿಗೆ ಹೋಗಿದ್ದೆ. ಸಂಜೆ ಹಳಿಯಾಳದ ರಸ್ತೆಯಲ್ಲಿ ಬೈಕೊಂದು ರಸ್ತೆ ದಾಟುತ್ತಿದ್ದ ಅಜ್ಜನೊಬ್ಬನಿಗೆ ಬಡಿದು ನಿಲ್ಲದೆ ಹೊರಟುಹೋಯಿತು. ಅಲ್ಲಿ ನಾವು ನಾಲ್ಕು ಜನರಿದ್ದೆವು. ಬೈಕಿನ ಬಣ್ಣ ಕೆಂಪೆಂದು ಒಬ್ಬರು, ಕಪ್ಪೆಂದು ಇನ್ನೊಬ್ಬರು ಹೇಳಿದರು. ಶಾಲೆಯ ಹುಡುಗನೊಬ್ಬ ಮಾತ್ರ "ಕೆಎ 65, ಕೊನೆಗೆ 38 ಇರಬೇಕು ಸರ್, ಅಂಕಿಗಳು ಬಳ್ಳಿಯ ಹಾಗೆ ಸುತ್ತಿಕೊಂಡಿದ್ದವು" ಎಂದ. ಭೌತಶಾಸ್ತ್ರ ಕಲಿಸುವ ನನಗೆ ಅಷ್ಟೂ ಕಂಡಿರಲಿಲ್ಲ. ಅಜ್ಜನ ಕಾಲು ಮುರಿದಿತ್ತು. ಬೈಕು ಕೊನೆಗೂ ಸಿಗಲಿಲ್ಲ.

ನಂಬರ್ ಪ್ಲೇಟ್ ಎಂದರೇನು, ಅದರ ಅಕ್ಷರ ಇಷ್ಟೇ ಎತ್ತರ, ಇಷ್ಟೇ ದಪ್ಪ ಇರಬೇಕೆಂದು ನಿಯಮವೇಕೆ ಹೇಳುತ್ತದೆ ಎಂದು ನಾನು ಯೋಚಿಸತೊಡಗಿದ್ದು ಆ ದಿನದಿಂದ.

ಎಂವೈ ಇಂದ ಕೆಎವರೆಗೆ

ಇಂದಿನ ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಳಿಯಾಳ, ಸೂಪಾ, ಮುಂಡಗೋಡಗಳು ಆ ದಿನ ಮೈಸೂರು ರಾಜ್ಯಕ್ಕೆ ಸೇರಿದವು. 1939ರ ಮೋಟಾರು ವಾಹನ ಕಾಯ್ದೆಯ ಕಾಲದ ಫಲಕಗಳಲ್ಲಿ ಮೂರು ಅಕ್ಷರ ಹಾಗೂ ನಾಲ್ಕರವರೆಗೆ ಅಂಕಿಗಳಿರುತ್ತಿದ್ದವು. ಮೈಸೂರು ರಾಜ್ಯದ ವಾಹನಗಳ ಮೊದಲೆರಡು ಅಕ್ಷರ 'ಎಂವೈ'. ಮುಂದೆ 'ಎಂಇ', 'ಸಿಎ', 'ಸಿಕೆ', 'ಸಿಎನ್', 'ಸಿಟಿ' ಎಂಬ ಜೋಡಿಗಳೂ ಬಂದವು. ಹಳೆಯ ಕನ್ನಡ ಚಿತ್ರಗಳಲ್ಲಿ ಕಾರುಗಳ ಫಲಕ ಗಮನಿಸಿದರೆ ಇವನ್ನು ಈಗಲೂ ಕಾಣಬಹುದು.

ಒಂದೇ ರಾಜ್ಯಕ್ಕೆ ಇಷ್ಟು ಜೋಡಿಗಳೇಕೆ ಬೇಕಾದವು? ಉತ್ತರ ಸರಳ ಗುಣಾಕಾರದಲ್ಲಿದೆ. ಇಂಗ್ಲಿಷ್‌ನ 26 ಅಕ್ಷರಗಳಲ್ಲಿ 'ಐ' ಮತ್ತು 'ಓ' ಕ್ರಮವಾಗಿ 1 ಮತ್ತು 0ಯಂತೆ ಕಾಣುವುದರಿಂದ ಅವನ್ನು ಬಿಡುವುದು ವಾಡಿಕೆ. ಉಳಿದವು 24. ಮೊದಲೆರಡು ಅಕ್ಷರ ನಿಗದಿಯಾಗಿದ್ದರೆ ಬದಲಾಗುವುದು ಮೂರನೆಯದು ಮಾತ್ರ. ಪ್ರತಿ ಅಕ್ಷರಕ್ಕೆ 1ರಿಂದ 9999ರವರೆಗೆ ಸಂಖ್ಯೆಗಳು. ಒಟ್ಟು 24 × 9999 = 2,39,976. ಅಂದರೆ ಒಂದು ಜೋಡಿಯಿಂದ ಇಡೀ ರಾಜ್ಯಕ್ಕೆ ಎರಡೂವರೆ ಲಕ್ಷವೂ ಆಗದು. ಆರು ಜೋಡಿ ಸೇರಿದರೂ 14,39,856 ಮಾತ್ರ. ಇಂದು ರಾಜ್ಯದ ವಾಹನಗಳನ್ನು ಕೋಟಿಗಳಲ್ಲಿ ಎಣಿಸುತ್ತೇವೆ.

1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಪದ್ಧತಿಯೇ ಬದಲಾಯಿತು. ಮೊದಲು ರಾಜ್ಯ (ಕೆಎ), ನಂತರ ನೋಂದಣಿ ಕಚೇರಿಯ ಸಂಖ್ಯೆ, ಬಳಿಕ ಸರಣಿಯ ಅಕ್ಷರ, ಕೊನೆಗೆ ಅಂಕಿಗಳು. ನಮ್ಮ ಜಿಲ್ಲೆಯಲ್ಲಿ ಕಾರವಾರ 30, ಶಿರಸಿ 31, ಹೊನ್ನಾವರ 47. ದಾಂಡೇಲಿಗೆ ದೊರೆತದ್ದು 65. ದಾಂಡೇಲಿ, ಹಳಿಯಾಳ, ಜೋಯಿಡಾ ಭಾಗದ ಹೊಸ ವಾಹನಗಳ ಗುರುತು ಇದು. ಹಳೆಯ ವಾಹನಗಳ ಮೇಲೆ 30, 31 ಕಂಡರೆ ಆಶ್ಚರ್ಯಪಡಬೇಕಿಲ್ಲ. ಹೊಸ ಕಚೇರಿ ತೆರೆದಾಗ ಹಳೆಯ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ.

ಈಗ ಒಂದೇ ಕಚೇರಿಯ ಸಾಮರ್ಥ್ಯ ನೋಡಿ. ಸರಣಿಯ ಅಕ್ಷರ ಇಲ್ಲದೆ ಒಂದು ಸರಣಿ, ಒಂದೇ ಅಕ್ಷರದಿಂದ 24, ಎರಡು ಅಕ್ಷರಗಳಿಂದ 24 × 24 = 576. ಒಟ್ಟು 601 ಸರಣಿಗಳು; 601 × 9999 = 60,09,399. ಹಿಂದೆ ಇಡೀ ರಾಜ್ಯಕ್ಕಿದ್ದ ಅವಕಾಶದ ನಾಲ್ಕು ಪಟ್ಟಿಗಿಂತ ಹೆಚ್ಚು! ಬಳಕೆಯಲ್ಲಿ ಕೆಲವು ಅಕ್ಷರಗಳನ್ನು ಮೀಸಲಿಡುವುದರಿಂದ ಇದು ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗಳ ಬಸ್ಸುಗಳಲ್ಲಿ 'ಎಫ್', ಸರ್ಕಾರಿ ವಾಹನಗಳಲ್ಲಿ 'ಜಿ' ಇರುವುದನ್ನು ನೀವು ನೋಡಿರಬಹುದು.

ಈ ಜೋಡಣೆಯಿಂದ ಇನ್ನೊಂದು ಲಾಭವಿದೆ. ಪ್ರತಿಯೊಂದು ಭಾಗವೂ ಹುಡುಕಾಟವನ್ನು ಕಿರಿದಾಗಿಸುತ್ತದೆ. ಆ ಹುಡುಗ ಕಂಡ 'ಕೆಎ-65' ರಾಜ್ಯದ ಉಳಿದೆಲ್ಲ ಕಚೇರಿಗಳ ವಾಹನಗಳನ್ನು ಬದಿಗಿರಿಸಿತು. ಕೊನೆಯ '38' ಪ್ರತಿ ಸರಣಿಯ 9999 ಸಂಖ್ಯೆಗಳನ್ನು 100ಕ್ಕೆ ಇಳಿಸಿತು. ಇನ್ನೊಂದು ಅಂಕಿ ಸರಿಯಾಗಿ ಕಂಡಿದ್ದರೆ 10 ಉಳಿಯುತ್ತಿದ್ದವು. ಆದರೆ ಹುಡುಗನಿಗೆ 38ರ ಬಗ್ಗೆಯೂ ಖಚಿತವಿರಲಿಲ್ಲ. ಅದು 33 ಅಥವಾ 88 ಇದ್ದಿರಲೂಬಹುದು.

ಕಣ್ಣಿನ ಮಿತಿ

ಆರೋಗ್ಯವಂತ ಕಣ್ಣು ಒಂದರಿಂದೊಂದು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಸುಮಾರು 1 ಮಿನಿಟು, ಅಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ. ಒಂದು ವಸ್ತು ಕಣ್ಣಿನಲ್ಲಿ ಮಾಡುವ ಕೋನವನ್ನು ಹೀಗೆ ಲೆಕ್ಕ ಹಾಕಬಹುದು:

ಕೋನ (ಮಿನಿಟುಗಳಲ್ಲಿ) = 3438 × ವಸ್ತುವಿನ ಅಳತೆ ÷ ದೂರ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 51ನೇ ನಿಯಮದ ಪ್ರಕಾರ ಕಾರಿನ ಫಲಕದ ಅಕ್ಷರಗಳ ಎತ್ತರ 65 ಮಿಲಿಮೀಟರ್. ಗೆರೆಯ ದಪ್ಪ 10, ಅಕ್ಷರಗಳ ನಡುವಿನ ಅಂತರ 10 ಮಿಲಿಮೀಟರ್. ಗೆರೆಯ 10 ಮಿಲಿಮೀಟರ್ ದಪ್ಪ 1 ಮಿನಿಟು ಕೋನ ಮಾಡುವುದು ಸುಮಾರು 34 ಮೀಟರ್ ದೂರದಲ್ಲಿ. ಅದಕ್ಕಿಂತ ದೂರ ಹೋದಂತೆ ಗೆರೆಗಳು ಒಂದರೊಳಗೊಂದು ಕರಗತೊಡಗುತ್ತವೆ.

ಚಾಲನಾ ಪರವಾನಗಿಯ ಅರ್ಜಿಯ ಘೋಷಣೆಯಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಎಂಬ ಪ್ರಶ್ನೆಯಿರುವುದು ನಿಮಗೆ ನೆನಪಿರಬಹುದು. ಆ ದೂರದಲ್ಲಿ 65 ಮಿಲಿಮೀಟರ್ ಅಕ್ಷರ ಸುಮಾರು 9 ಮಿನಿಟು ಕೋನ ಮಾಡುತ್ತದೆ. ಕಣ್ಣಿನ ವೈದ್ಯರ ಪಟ್ಟಿಯಲ್ಲಿ 6/6 ದೃಷ್ಟಿಯವರು ಓದುವ ಸಾಲಿನ ಅಕ್ಷರಗಳದು 5 ಮಿನಿಟು. ಎಂದರೆ ನಿಯಮ ಸುಮಾರು ಎರಡು ಪಟ್ಟು ಅನುಕೂಲ ಕೊಟ್ಟಿದೆ.

ದ್ವಿಚಕ್ರ ವಾಹನಗಳ ಹಿಂಬದಿ ಅಂಕಿಗಳದು 40 ಮಿಲಿಮೀಟರ್ ಎತ್ತರ, 7 ಮಿಲಿಮೀಟರ್ ದಪ್ಪ. 25 ಮೀಟರಿನಲ್ಲಿ ಇದು 5.5 ಮಿನಿಟು, ಅನುಕೂಲ ಬಹುತೇಕ ಮುಗಿಯಿತು. ಮುಂಬದಿಯ ಅಕ್ಷರಗಳ ಗೆರೆ 5 ಮಿಲಿಮೀಟರ್ ದಪ್ಪ. ಅದರ ಮಿತಿ 17 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 16.7 ಮೀಟರ್ ಕ್ರಮಿಸುತ್ತದೆ. ಎದುರಿನಿಂದ ಬರುವ ಬೈಕಿನ ಸಂಖ್ಯೆ ಓದಲು ನಮಗೆ ಸಿಗುವ ಸಮಯ ಒಂದೇ ಸೆಕೆಂಡು! ಇಂಥಲ್ಲಿ ಅಂಕಿಗಳನ್ನು ಬಳ್ಳಿಯಂತೆ ಬಳುಕಿಸಿ ಗೆರೆಯನ್ನು 3 ಮಿಲಿಮೀಟರಿಗೆ ಇಳಿಸಿದರೆ ಓದುವ ದೂರ 10 ಮೀಟರಿಗೆ ಕುಸಿಯುತ್ತದೆ. ಅಲಂಕಾರವೆಂದು ಮಾಡಿದ್ದು ಸಾಕ್ಷಿಯ ಕಣ್ಣು ಕಟ್ಟುತ್ತದೆ.

ಕನ್ನಡ ಅಂಕಿಗಳನ್ನೇ ಬರೆಸಿದರೆ ತಪ್ಪೇನು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಭಾಷೆಯ ಮೇಲಿನ ಪ್ರೀತಿಯಲ್ಲಿ ತಪ್ಪಿಲ್ಲ. ಆದರೆ ಜೋಯಿಡಾ ತಾಲೂಕಿನ ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಗೋವಾ. ಅಲ್ಲಿ ಅಪಘಾತವಾದರೆ ಫಲಕ ಓದಬೇಕಾದವರಿಗೆ ಕನ್ನಡ ಬರಬೇಕೆಂದಿಲ್ಲ. ನೋಂದಣಿ ಸಂಖ್ಯೆಗೆ ದೇಶದಾದ್ಯಂತ ಒಂದೇ ಲಿಪಿಯನ್ನು ನಿಯಮ ಕೇಳುವುದು ಇದಕ್ಕಾಗಿ.

ಬಂದ ದಾರಿಗೇ ಮರಳುವ ಬೆಳಕು

ಹಿಂದೆ ಖಾಸಗಿ ವಾಹನಗಳಿಗೆ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರಗಳಿದ್ದವು. 2000ದ ದಶಕದ ಆರಂಭದಲ್ಲಿ ಇದು ತಿರುಗಿತು: ಖಾಸಗಿಗೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ಹಾಗೂ ಸರಕು ವಾಹನಗಳಿಗೆ ಹಳದಿಯ ಮೇಲೆ ಕಪ್ಪು. 2018ರಲ್ಲಿ ವಿದ್ಯುತ್ ವಾಹನಗಳಿಗೆ ಹಸಿರು ಹಲಗೆ ಬಂತು.

ಹಿನ್ನೆಲೆ ತಿಳಿಬಣ್ಣದ್ದಾದರೆ ರಾತ್ರಿ ಹೆಚ್ಚು ಬೆಳಕು ಮರಳುತ್ತದೆ. ಆದರೆ ಸಾಧಾರಣ ಬಣ್ಣ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ನೋಡುವವನ ಕಣ್ಣಿಗೆ ಬರುವುದು ಅಲ್ಪ. ಇಂದಿನ ಫಲಕಗಳ ಹೊದಿಕೆ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ಇಂಥ ಹೊದಿಕೆಯ ಒಂದು ಬಗೆಯಲ್ಲಿ ಅತಿ ಸಣ್ಣ ಗಾಜಿನ ಮಣಿಗಳಿರುತ್ತವೆ. ಗೋಳದ ವಕ್ರೀಭವನಾಂಕ 2ರ ಸಮೀಪವಿದ್ದರೆ ಸಮಾಂತರ ಕಿರಣಗಳು ಅದರ ಹಿಂಬದಿಯ ಮೇಲೆಯೇ ಕೇಂದ್ರೀಕೃತವಾಗುತ್ತವೆ. ಅಲ್ಲಿ ಪ್ರತಿಫಲನಗೊಂಡು ಮತ್ತೆ ಗೋಳದ ಮೂಲಕ ಹಾದು ಬಂದ ದಿಕ್ಕಿಗೆ ಸಮಾಂತರವಾಗಿ ಹೊರಡುತ್ತವೆ. ಜೋಯಿಡಾದ ಕಾಡು ರಸ್ತೆಯ ಕತ್ತಲಲ್ಲಿ, ದೀಪ ಕೆಟ್ಟು ನಿಂತ ಲಾರಿಯ ಫಲಕವೊಂದೇ ಹಿಂದೆ ಬರುವವನಿಗೆ ಹೊಳೆದು ಕಾಣುವುದು ಹೀಗೆ. ಅದರ ಮೇಲೆ ಮಳೆಗಾಲದ ಕೆಸರು ಮೆತ್ತಿದ್ದರೆ, ಕಬ್ಬಿನ ಗರಿ ಇಳಿಬಿದ್ದಿದ್ದರೆ ಯಾವ ಮಣಿಯೂ ಕೆಲಸಕ್ಕೆ ಬಾರದು.

2001ರಲ್ಲಿ ನಿಯಮದೊಳಗೆ ಸೇರಿದ ಅತಿಸುರಕ್ಷಿತ ನೋಂದಣಿ ಫಲಕ 2019ರ ಏಪ್ರಿಲ್ 1ರಿಂದ ಎಲ್ಲ ಹೊಸ ವಾಹನಗಳಿಗೂ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಇದು 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಮ್ ಹಲಗೆ. ಅಕ್ಷರಗಳು ಉಬ್ಬಿರುತ್ತವೆ. ಎಡ ಮೂಲೆಯಲ್ಲಿ 20 × 20 ಮಿಲಿಮೀಟರ್‌ನ, ಅಶೋಕ ಚಕ್ರವಿರುವ ಹಾಲೊಗ್ರಾಮ್. ಅದರ ಸೂಕ್ಷ್ಮ ಗೆರೆಗಳಲ್ಲಿ ಬೆಳಕು ವಿವರ್ತನೆಗೊಂಡು ಬಣ್ಣ ಮೂಡುವುದರಿಂದ ಜೆರಾಕ್ಸ್ ಮಾಡಿ ನಕಲಿಸಲಾಗದು. ಲೇಸರಿನಿಂದ ಕೆತ್ತಿದ ಗುರುತಿನ ಸಂಖ್ಯೆ ಪ್ರತಿ ಫಲಕಕ್ಕೂ ಬೇರೆ. ಹಿಂಬದಿಯ ಬೀಗವನ್ನು ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರಗಳ ಆಕಾರ ಮಾಲಿಕನ ಇಚ್ಛೆಗೆ ಬಿಟ್ಟದ್ದಲ್ಲ.

ನೀವೇ ಮಾಡಿ ನೋಡಿ

ರಟ್ಟಿನ ಮೇಲೆ 65 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪದ ನಾಲ್ಕು ಅಂಕಿಗಳನ್ನು ಬರೆಯಿರಿ. ಇನ್ನೊಂದರಲ್ಲಿ ಅದೇ ಎತ್ತರದ, 3 ಮಿಲಿಮೀಟರ್ ದಪ್ಪದ ಅಲಂಕಾರದ ಅಂಕಿಗಳಿರಲಿ. ಶಾಲೆಯ ಮೈದಾನದಲ್ಲಿ ಹಿಂದೆ ಸರಿಯುತ್ತ, ತಪ್ಪಿಲ್ಲದೆ ಓದಲಾಗುವ ಕೊನೆಯ ದೂರವನ್ನು ಟೇಪಿನಿಂದ ಅಳೆಯಿರಿ. ಹತ್ತು ವಿದ್ಯಾರ್ಥಿಗಳ ಸರಾಸರಿ ತೆಗೆಯಿರಿ. ಕತ್ತಲಾದ ಮೇಲೆ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನಿಂತ ವಾಹನದ ಹೊಸ ಫಲಕ ನೋಡಿ. ನಂತರ ಗೆಳೆಯನೊಬ್ಬ ಎರಡು ಮೂರು ಮೀಟರ್ ಪಕ್ಕಕ್ಕೆ ನಿಂತು ಅದೇ ಟಾರ್ಚು ಬಿಡಲಿ. ಹೊಳಪು ಥಟ್ಟನೆ ಇಳಿಯುವುದು ಕಾಣುತ್ತದೆ.

ಹೋದ ವರ್ಷ ಮತ್ತೆ ದಾಂಡೇಲಿಗೆ ಹೋದಾಗ ಆ ಅಜ್ಜ ಕೋಲೂರಿಕೊಂಡು ಅದೇ ರಸ್ತೆ ದಾಟುತ್ತಿದ್ದುದನ್ನು ಕಂಡೆ. ಬಸ್ಸು ಹತ್ತುವ ಮೊದಲು ನಿಲ್ದಾಣದೆದುರು ನಿಂತ ಬೈಕುಗಳ ಫಲಕಗಳನ್ನು ನೋಡುತ್ತ ನಡೆದೆ. ಹೆಚ್ಚಿನವು ಹೊಸ ಫಲಕಗಳು. ಮೂರು ಬೈಕುಗಳ ಅಂಕಿಗಳನ್ನು ಮಾತ್ರ, ಪಕ್ಕದಲ್ಲೇ ನಿಂತು, ಎರಡು ಸಲ ಓದಬೇಕಾಯಿತು.