ಒದ್ದರೂ ಏಳದ ಯೆಜ್ಡಿ: ಮೊದಲು ಕಿಡಿ ನೋಡಿ, ಆಮೇಲೆ ಕಾರ್ಬುರೇಟರ್

ನಮ್ಮ ಕಡೆಯ ಅಡಿಕೆ ಕೊಟ್ಟಿಗೆಗಳಲ್ಲಿ, ಪಂಪ್‌ಶೆಡ್ಡುಗಳಲ್ಲಿ ಈಗಲೂ ಒಂದೊಂದು ಹಳೆ ಜಾವಾ ಅಥವಾ ಯೆಜ್ಡಿ ಕಾಣಸಿಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1996ರಲ್ಲಿ ತಯಾರಿ ನಿಂತುಹೋದ ಬೈಕುಗಳಿವು. ಹಿಂಡಿಮೂಟೆ, ಬಾಳೆಗೊನೆ, ಹಾಲಿನ ಕ್ಯಾನು ಎಲ್ಲವನ್ನೂ ಹೊತ್ತು ಏರುದಾರಿ ಹತ್ತಿದವು.

‘ಒದ್ದೂ ಒದ್ದೂ ಕಾಲು ಸೋತಿತು ಮಾರಾಯ್ರೆ, ಇನ್ನು ಗುಜರಿಗೆ ಕೊಡುವುದೇ ಸೈ’ ಎನ್ನುವವರು ಈಗ ಹೆಚ್ಚು. ಹಾಗೆ ಗುಜರಿ ಸೇರಿದ ಎಷ್ಟೋ ಗಾಡಿಗಳ ರೋಗವೇನು ಗೊತ್ತೇ? ಒಂದು ಕಂಡೆನ್ಸರ್, ಇಲ್ಲವೇ ಜೆಟ್‌ನಲ್ಲಿ ಸಿಕ್ಕಿಕೊಂಡ ಚಿಟಿಕೆ ಕಸ!

ಪಾಯಿಂಟ್ ಬಲ್ಲ ಮೆಕ್ಯಾನಿಕ್‌ಗಳು ವಿರಳವಾಗುತ್ತಿದ್ದಾರೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂತು, ನಿಜ. ಆದರೆ ಅವು ನಾಲ್ಕು ಸ್ಟ್ರೋಕಿನವು, ಕಾರ್ಬುರೇಟರೇ ಇಲ್ಲದವು. ಹೆಸರು ಒಂದೇ, ಜಾತಿ ಬೇರೆ. ಹಾಗಾಗಿ ಹಳತನ್ನು ಉಳಿಸಿಕೊಳ್ಳುವವರು ತಾವೇ ಸ್ವಲ್ಪ ಕಲಿತುಕೊಳ್ಳದೆ ಬೇರೆ ದಾರಿ ಇಲ್ಲ.

ಕ್ರಮ ತಪ್ಪಬಾರದು

ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದಾಕ್ಷಣ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರಿನ ಸ್ಕ್ರೂ ತಿರುಗಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಇದರಿಂದ ಇದ್ದ ಒಂದು ದೋಷ ಎರಡಾಗುತ್ತದೆ. ನಿನ್ನೆ ಸರಿ ಓಡಿದ ಗಾಡಿಯ ಸ್ಕ್ರೂ ರಾತ್ರಿ ಬೆಳಗಾಗುವುದರೊಳಗೆ ತಾನಾಗಿ ತಿರುಗುವುದು ಅಪರೂಪ. ಆದ್ದರಿಂದ ಮೊದಲು ಕಿಡಿ, ನಂತರ ಪೆಟ್ರೋಲ್, ಕೊನೆಗೆ ಸ್ಕ್ರೂ. ಒಂದು ಸಲಕ್ಕೆ ಒಂದೇ ಬದಲಾವಣೆ.

ನಾಲ್ಕೈದು ಸಲ ಕಿಕ್ ಹೊಡೆದು ಪ್ಲಗ್ ಬಿಚ್ಚಿ. ಪ್ಲಗ್ಗೇ ಜಾತಕ ಹೇಳುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ. ಅಥವಾ ಪೆಟ್ರೋಲ್ ಮಿತಿಮೀರಿ ಬಂದಿದೆ.

ಕಿಡಿಯ ಪರೀಕ್ಷೆ

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರಿನ ರೆಕ್ಕೆಗೆ ತಾಗುವಂತೆ ಇಟ್ಟು, ಕೀ ಹಾಕಿ ಕಿಕ್ ಹೊಡೆಯಿರಿ. ಅದಕ್ಕೆ ಮೊದಲು ಪೆಟ್ರೋಲ್ ಟ್ಯಾಪ್ ಮುಚ್ಚಿರಬೇಕು. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುವುದರಿಂದ ಕಿಡಿ ಆ ತೂತಿನ ಹತ್ತಿರ ಬೇಡ, ಬೆಂಕಿ ಹತ್ತೀತು. ‘ಚಟ್’ ಎಂದು ನೀಲಿ ಕಿಡಿ ಹಾರಿದರೆ ಸರಿ. ಹಳದಿ, ನೂಲಿನಂತಹ ಕಿಡಿಯಾದರೆ ಸಾಲದು.

ಕಿಡಿ ಇಲ್ಲವೇ? ಹೊಸ ಪ್ಲಗ್ ಹಾಕಿ ನೋಡಿ. ಮಳೆಗಾಲದಲ್ಲಿ ಕ್ಯಾಪ್ ಮತ್ತು ವಯರಿನ ಒಳಗೆ ತೇವ ಸೇರಿಯೂ ಕಿಡಿ ಸಾಯುತ್ತದೆ. ಬಿಚ್ಚಿ ಒರೆಸಿ ಒಣಗಿಸಿ. ಆರು ವೋಲ್ಟಿನ ಹಳೆ ಮಾದರಿಗಳಲ್ಲಿ ಕಾಯಿಲ್‌ಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ಹಾರ್ನ್ ಗೊರಗೊರ ಎಂದರೆ ಕಿಡಿಗೂ ಅದೇ ಗತಿ. ಬ್ಯಾಟರಿಯ ತುದಿಗಳ ಬಿಳಿ ಕಿಲುಬು ತೆಗೆಯಿರಿ.

ಮುಂದಿನದು ಬಲಬದಿಯ ಮುಚ್ಚಳದೊಳಗೆ ಡೈನಮೋ ಜತೆಗಿರುವ ಪಾಯಿಂಟ್. ಅದರ ಎರಡು ಮುಖಗಳು ಸುಟ್ಟು ಗುಳಿ ಬಿದ್ದಿದ್ದರೆ ನುಣುಪು ಎಮರಿ ಕಾಗದದಿಂದ ಹಗುರಾಗಿ ತಿಕ್ಕಿ, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದ ನಡುವೆ ಎಳೆದು ಶುಚಿ ಮಾಡಿ. ಎಮರಿಯ ಪುಡಿ ಉಳಿಯಬಾರದು. ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರಲಿ. ಫೀಲರ್ ಗೇಜ್ ಕೊಂಡಿಟ್ಟುಕೊಳ್ಳಿ, ಕಣ್ಣಂದಾಜು ಬೇಡ. ಅಂತರ ಬದಲಾದರೆ ಕಿಡಿ ಹಾರುವ ಹೊತ್ತು, ಅಂದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಪಾಯಿಂಟ್ ಮೇಲೆ ಮತ್ತೆ ಮತ್ತೆ ಎಣ್ಣೆ ಕಂಡರೆ ಆ ಬದಿಯ ಆಯಿಲ್ ಸೀಲ್ ಹೋಗಿದೆ ಎಂದೇ ಲೆಕ್ಕ.

ಶುಚಿ ಮಾಡಿದ ಪಾಯಿಂಟ್ ಬೇಗನೆ ಸುಡುತ್ತದೆಯೇ? ಎಂಜಿನ್ ತಿರುಗುವಾಗ ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತದೆಯೇ? ಕಂಡೆನ್ಸರ್ ಬದಲಿಸಿ. ಬೆಳಿಗ್ಗೆ ಚೆನ್ನಾಗಿ ಏಳುವ ಗಾಡಿ ಏಳೆಂಟು ಕಿಲೋಮೀಟರ್ ಹೋಗಿ ಬಿಸಿಯಾದಾಗ ನಿಂತು, ತಣಿದ ಮೇಲೆ ಏನೂ ಆಗದಂತೆ ಮತ್ತೆ ಓಡಿದರೆ ಸಂಶಯ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ. ಇದನ್ನು ‘ಕಾರ್ಬುರೇಟರ್ ಪ್ರಾಬ್ಲಂ’ ಎಂದುಕೊಂಡು ತಿಂಗಳುಗಟ್ಟಲೆ ಸುತ್ತಿದವರಿದ್ದಾರೆ. ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಕಿಡಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಪೆಟ್ರೋಲಿನ ದಾರಿ

ಕಿಡಿ ಗಟ್ಟಿಯಾಗಿದ್ದರೆ ಮಾತ್ರ ಈ ಕಡೆ ಬನ್ನಿ. ಪೈಪ್ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಪೆಟ್ರೋಲ್ ಧಾರೆಯಾಗಿ ಬರಬೇಕು, ತೊಟ್ಟಿಕ್ಕಬಾರದು. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಮುಚ್ಚಳ ತೆರೆದರೆ ಮತ್ತೆ ಓಡುತ್ತದೆ. ಟ್ಯಾಂಕಿನೊಳಗಿನ ತುಕ್ಕು ಟ್ಯಾಪಿನ ಜಾಲರಿಗೆ ಅಡರುವುದೂ ಉಂಟು.

ಆಮೇಲೆ ಕಾರ್ಬುರೇಟರಿನ ಬಟ್ಟಲು. ಅದರ ತಳದಲ್ಲಿ ಕಸ, ನೀರು ನಿಲ್ಲುತ್ತದೆ. ಜೆಟ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ತಂತಿ ತೂರಿಸಲೇಬೇಡಿ. ಜೆಟ್ ಹಿತ್ತಾಳೆಯದು, ತೂತು ಸವೆದು ದೊಡ್ಡದಾದರೆ ಅಳತೆಯೇ ಕೆಟ್ಟಿತು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ‘ಗುಳುಗುಳು’ ಎಂದರೆ ಅದು ತೂತಾಗಿದೆ; ಪೆಟ್ರೋಲ್ ಉಕ್ಕಿ ಚೆಲ್ಲುವುದು ಅದಕ್ಕೇ. ಫ್ಲೋಟಿನ ಸೂಜಿ ಸವೆದರೂ ಇದೇ ಫಲ.

ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇದ್ದರೆ ಮೊದಲು ಕೇಬಲ್ ಸಿಕ್ಕಿಕೊಂಡಿದೆಯೇ ನೋಡಿ. ಅದು ಸರಿ ಇದ್ದರೆ ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗಿನಿಂದಲೋ ಆಯಿಲ್ ಸೀಲಿನಿಂದಲೋ ಗಾಳಿ ಸೇರುತ್ತಿರಬೇಕು. ಇದು ಅಪಾಯ. ಗಾಳಿಯ ಪಾಲು ಹೆಚ್ಚಾದಾಗ ಪೆಟ್ರೋಲಿನೊಂದಿಗೆ ಒಳಹೋಗುವ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಜಾಮ್ ಆದೀತು. ಈ ಗಾಡಿಗಳಿಗೆ ರೂಢಿಯ ಅಳತೆ ಲೀಟರಿಗೆ 40 ಮಿ.ಲೀ. ಆಯಿಲ್. ಹೊಗೆ ಕಡಿಮೆಯಾಗಲಿ ಎಂದು ಕೈ ಬಿಗಿ ಹಿಡಿಯಬೇಡಿ.

ಎಲ್ಲ ಸರಿಯಾದ ಮೇಲೆ ಸ್ಕ್ರೂ. ಮುಟ್ಟುವ ಮೊದಲು ಅದನ್ನು ಹಗುರಾಗಿ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಎಂದು ಎಣಿಸಿ ಗೋಡೆ ಮೇಲೆ ಬರೆದಿಡಿ. ಹೆಚ್ಚುಕಮ್ಮಿಯಾದರೆ ಹಿಂದಿನ ಜಾಗಕ್ಕೆ ಮರಳಬಹುದು. ಎಂಜಿನ್ ಬಿಸಿಯಾದ ಮೇಲೇ ಹೊಂದಿಸಬೇಕು.

ನಾವೇ ಬೆಳೆದ ಕಬ್ಬು, ನಮ್ಮದೇ ಟ್ಯಾಂಕು

ಹಳೆಯ ಬೈಕುಗಳ ಕೈಪಿಡಿಗಳಲ್ಲಿ ಇಲ್ಲದ ಒಂದು ವಿಷಯ ಈಗ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಹಳ್ಳಿ ಪಂಪುಗಳಿಗೂ ಬಂದಿದೆ. ಕಬ್ಬು, ಜೋಳದಂತಹ ನಮ್ಮ ಬೆಳೆಗಳಿಂದಲೇ ತಯಾರಾಗುವ ಎಥನಾಲ್ ಬೆಳೆಗಾರರಿಗೆ ಬೇಕಾದದ್ದೇ. ಆದರೆ ಅದಕ್ಕೆ ನೀರೆಂದರೆ ಪ್ರೀತಿ. ಗಾಳಿಯ ತೇವ ಹೀರುತ್ತದೆ. ನೀರು ಮಿತಿಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಟ್ಯಾಪಿಗೆ ಮೊದಲು ಸಿಗುವುದು ತಳದ್ದೇ ಅಲ್ಲವೇ? ಹಳೆ ರಬ್ಬರ್ ಪೈಪು, ವಾಷರುಗಳೂ ಅದಕ್ಕೆ ಬಾಳುವುದು ಕಷ್ಟ.

ಉಪಾಯ ಸುಲಭ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ. ಮಳೆಗಾಲಪೂರ್ತಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಬರಿದು ಮಾಡಿ. ಮತ್ತೆ ಹೊರಡಿಸುವಾಗ ಹೊಸ ಪೆಟ್ರೋಲ್. ಸಂಶಯ ಬಂದರೆ ಬಟ್ಟಲಿನದ್ದನ್ನು ಗಾಜಿನ ಬಾಟಲಿಗೆ ಹಾಕಿ ಸ್ವಲ್ಪ ಹೊತ್ತು ಇಡಿ. ಎರಡು ಪದರವಾದರೆ ರೋಗ ಕಣ್ಣೆದುರೇ ಇದೆ.

ಇಲ್ಲಿ ಹೇಳಿದ ಕಿಡಿ–ಪೆಟ್ರೋಲ್ ಪರೀಕ್ಷೆಯ ಕ್ರಮ ನಮ್ಮ ಹುಲ್ಲು ಕತ್ತರಿಸುವ ಯಂತ್ರಕ್ಕೂ, ಪವರ್ ಸ್ಪ್ರೇಯರಿಗೂ ಹೊಂದುತ್ತದೆ. ಅವುಗಳಲ್ಲಿ ಬ್ಯಾಟರಿ, ಪಾಯಿಂಟ್ ಇರುವುದಿಲ್ಲ, ಅಷ್ಟೇ. ಬೋರ್ಡೋ ಸಿಂಪಡಣೆಯ ದಿನ ಯಂತ್ರ ಕೈಕೊಟ್ಟರೆ ಆಳುಗಳನ್ನು ಸುಮ್ಮನೆ ಕೂರಿಸಿ ಪೇಟೆಗೆ ಓಡುವ ಮೊದಲು ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಸ್ಪಾನರ್, ಫೀಲರ್ ಗೇಜ್, ಚೂರು ಎಮರಿ ಕಾಗದ, ಒಂದು ಹೊಸ ಪ್ಲಗ್, ಒಂದು ಕಂಡೆನ್ಸರ್ — ಇಷ್ಟನ್ನು ಹಳೆ ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆಯಲ್ಲಿಡಿ. ಗುಜರಿಯವನಿಗೆ ಹೇಳಿಕಳಿಸುವುದು ಇದ್ದೇ ಇದೆ. ಅದಕ್ಕೆ ಮೊದಲು ಈ ಡಬ್ಬಿ ತೆರೆಯಿರಿ.