ಶರ್ಯತ್ತಿಗೆ ತಕ್ಕ ದಾರಿ

ಹಾರೂಗೇರಿ ಸುತ್ತಿನ ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ಜಾತ್ರೆ ಬಂತೆಂದರೆ ಗಾಡಿ ಶರ್ಯತ್ತಿನ ಮಾತು ಬರುತ್ತದೆ. ನಿನ್ನೆಯವರೆಗೆ ಬಸ್ಸು, ಕಬ್ಬಿನ ಟ್ರ್ಯಾಕ್ಟರು ಓಡಾಡಿದ ರಸ್ತೆಯೇ ಎಷ್ಟೋ ಕಡೆ ಅಂದು ಎತ್ತುಗಳ ಓಟದ ದಾರಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ಎತ್ತಿನ ಗಾಡಿ ಓಟ ನಿಲ್ಲಿಸಿತ್ತು. ಕಂಬಳ, ಎತ್ತಿನ ಗಾಡಿ ಓಟಗಳಿಗೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಓಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಂಥ ದಾರಿಯಲ್ಲಿ ಓಡಿಸಬೇಕು ಎಂಬುದನ್ನು ಮಾತ್ರ ನಾವು ಇನ್ನೂ ಗಟ್ಟಿಯಾಗಿ ಕೇಳಿಕೊಂಡಿಲ್ಲ. ಅಪಾಯದ ಬೇರು ಇರುವುದು ಅಲ್ಲಿಯೇ.

ಗಂಟೆಗೆ 30 ಕಿ.ಮೀ. ವೇಗ 40ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಹತ್ತಿರಹತ್ತಿರ 1.8 ಪಟ್ಟಾಗುತ್ತದೆ. ಓಟದ ಗಾಡಿಗೆ ಬ್ರೇಕಿಲ್ಲ. ಇರುವುದು ಮೂಗುದಾರ ಮತ್ತು ಕೈಯ ಹಗ್ಗ. ಕೆಳಗೆ ಗೊರಸು ಜಾರುವ ಡಾಂಬರು, ಎರಡೂ ಬದಿಗೆ ಒತ್ತಿ ನಿಂತ ಜನ. ಹೀಗಿರುವಾಗ ವೇಗವನ್ನು ತಗ್ಗಿಸುವ ಕೆಲಸ ದಾರಿಯದೇ ಆಗಬೇಕು. ಕಾರು ಓಟದವರು ಇದನ್ನು ಕಲಿತದ್ದು ಸಾವುಗಳಿಂದ. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಓಟಗಾರ ಐರ್ಟನ್ ಸೆನ್ನಾ ಸತ್ತ ನಾಲ್ಕೇ ವಾರಕ್ಕೆ ಬಾರ್ಸಿಲೋನಾದಲ್ಲಿ ಟೈರುಗಳ ರಾಶಿ ಇಟ್ಟು ತಾತ್ಕಾಲಿಕ ತಿರುವು ಮಾಡಿದರು. ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ಹೆಸರಾಂತ ಓ ರೂಜ್ ತಿರುವಿಗೇ ಅಡ್ಡಗಟ್ಟು ಹಾಕಿ ವೇಗ ಇಳಿಸಿದರು. ಇದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕರಾವಳಿಯ ಕಂಬಳದಲ್ಲಿ ಕರೆ ಎಂಬ ಕೆಸರಿನ ಓಟದ ದಾರಿ ಮುಗಿಯುವಲ್ಲಿ ಮಂಜೊಟ್ಟಿ ಎಂಬ ಏರು ಇರುತ್ತದೆ. ಗುರಿ ಮುಟ್ಟಿದ ಕೋಣಗಳು ಆ ಏರು ಹತ್ತುತ್ತ ನಿಧಾನವಾಗುತ್ತವೆ. ನಿಲ್ಲುವ ಜಾಗವನ್ನು ಓಡುವ ದಾರಿಯೊಳಗೇ ಕಟ್ಟಿದ ಆ ಜಾಣ್ಮೆ ನಮಗೂ ಬೇಕು.

ನಮ್ಮದು ಕಬ್ಬಿನ ಸೀಮೆ. ಕಟಾವಾಗಿ ಖಾಲಿಬಿದ್ದ, ಕುಳೆಗೆ ಬಿಡದ ಹೊಲಗಳನ್ನು ಮಾಲೀಕರಿಂದ ಕೇಳಿ ಪಡೆದು, ಟ್ರ್ಯಾಕ್ಟರಿನಿಂದ ಮಟ್ಟ ಮಾಡಿ, ನೀರು ಹೊಡೆದು, ಗುರಿಯಾಚೆ ಸಡಿಲು ಮಣ್ಣಿನ ಏರು ಹಾಕಿದರೆ ಜಾತ್ರೆಯ ಮಟ್ಟಿಗೆ ಸಾಕು. ಜನ ನಿಲ್ಲಲು ಬದುವಿನಾಚೆ ಹಗ್ಗ ಕಟ್ಟಬೇಕು. ಗಾಡಿಯ ಹಿಂದೆ ಬೈಕು ಬಿಡಲೇಬಾರದು. ರಸ್ತೆಯ ರಂಗು ಹೊಲದಲ್ಲಿ ಬರುವುದಿಲ್ಲ ಎನ್ನುವವರಿದ್ದಾರೆ. ಕಂಬಳಕ್ಕೆ ಸಾವಿರಾರು ಜನ ಗದ್ದೆಗೇ ಬರುತ್ತಾರಲ್ಲ? ಖರ್ಚಿನ ಮಾತು ಇನ್ನೂ ತೂಕದ್ದು, ಸಣ್ಣ ಊರಿನ ಕಮಿಟಿಗೆ ಅದು ಹೊರೆಯೇ. ಆದರೆ ಬಹುಮಾನದ ಹಣದಲ್ಲೊಂದು ಪಾಲು ಮಣ್ಣಿಗೆ ಹೋದರೆ ಗೆದ್ದವನ ಮಾನವೇನೂ ಕುಗ್ಗದು.

ಪ್ರಾಣಿದಯೆಯವರ ಆಕ್ಷೇಪಕ್ಕೆ ಈ ವಾದ ಅರ್ಧ ಉತ್ತರ ಮಾತ್ರ ಎಂದು ಒಪ್ಪಬೇಕು. ಒಳ್ಳೆಯ ಮಣ್ಣು ಎತ್ತಿನ ಕಾಲು ಕಾಯುತ್ತದೆ, ಬಾರುಕೋಲಿನಿಂದ ಅದರ ಬೆನ್ನು ಕಾಯುವುದಿಲ್ಲ. ಆದರೂ ದಾರಿ ಒಂದೇ ಹೊಲದೊಳಗಿದ್ದರೆ ಪಂಚರ ಕಣ್ಣು ಕೊನೆಯವರೆಗೂ ಗಾಡಿಯ ಮೇಲಿರುತ್ತದೆ. ಮೈಲಿಗಟ್ಟಲೆ ರಸ್ತೆಯಲ್ಲಿ ಯಾರು ಎಲ್ಲಿ ಹೊಡೆದರೆಂದು ನೋಡುವವರು ಯಾರು?